ಹಂಚಿ ತಿಂದ ಗುಳಿಗೆ

ದನದ ಡಾಕ್ಟರ ಕೆಲಸದಿಂದ ನಿವೃತ್ತನಾಗಿ ಕೊಟ್ಟೂರಲ್ಲಿ ಕೂತರೂ ಔಷಧಿಯ ಫಜೀತಿಗಳು ನನ್ನ ಜಗಲಿ ಹುಡುಕಿಕೊಂಡೇ ಬರುತ್ತವೆ. ಸಿಕ್ಕವರಿಗೆ ನಾಲ್ಕು ಹೇಳಿ ನಗಿಸದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಚಿಗಟೇರಿ ಕಡೆಯ ಒಬ್ಬ ಕುರಿಗಾರ ಮತ್ತು ಅವನ ಹೆಂಡತಿಯ ಕಥೆಗಳೇ ಒಂದು ಗಂಟು ಆಗುವಷ್ಟಿವೆ. ಹೋದ ತಿಂಗಳು ಆಕೆ ತೀರಿಕೊಂಡಳು. ನೆನೆದರೆ ನಗು ಮಾತ್ರ ಇನ್ನೂ ಬರುತ್ತದೆ, ಏನು ಮಾಡಲಿ.

ಗೋಕಟ್ಟೆ

ಒಂದು ಕುರಿಗೆ ಕೆಮ್ಮು. ಐದು ದಿನಕ್ಕೆಂದು ಪುಡಿ ಕೊಟ್ಟು ಕಳಿಸಿದೆ. ಮರುದಿನವೇ ಕುರಿಗಾರ ಹಾಜರು.

"ಎಲ್ಲಾ ಗೋಕಟ್ಟಿಗೆ ಸುರುವಿದ್ನಿರಿ. ಒಂದಕ್ಕ ಕೊಟ್ಟು ಉಳಿದವಕ್ಕ ಬಿಟ್ರ ಪಾಪ ಬರತೈತಿ."

"ಲೇ, ಊರಿನ ದನ, ನಾಯಿ, ಕಾಗಿ ಎಲ್ಲಾ ಅದೇ ನೀರು ಕುಡೀತಾವಲ್ಲೋ."

"ಹೌದ್ರಿ, ಎಲ್ಲಾ ಕುಡದ್ವು. ಆ ಕೆಮ್ಮಿನ ಕುರಿ ಒಂದ ಕುಡೀಲಿಲ್ಲ ನೋಡ್ರಿ."

ಹೆಣ್ಣುಮಗಳ ಪಾಲು

ಅವನ ಹೆಂಡತಿಗೆ ಉರಿಮೂತ್ರ. ಆಸ್ಪತ್ರೆಯಲ್ಲಿ ಹತ್ತು ಗುಳಿಗೆ ಕೊಟ್ಟಿದ್ದರು. ಎರಡನೆಯ ದಿನ ಅವರ ಹಟ್ಟಿಗೆ ಹೋದಾಗ ವಿಚಾರಿಸಿದೆ.

"ಮುಗದ್ವುರಿ," ಅಂದಳು. "ಇವ್ರಿಗೆ ಮೊಣಕಾಲ ನೋವು, ಮೂರು ಕೊಟ್ಟೆ. ಸೊಸಿಗೆ ನೆಗಡಿ, ಮೂರು. ಕುರಿಮರಿಗೆ ಬೆಲ್ಲದಾಗ ಎರಡು. ನಾನು ಎರಡು ನುಂಗಿದ್ನಿ, ಉರಿ ಆರಿತು."

"ಅವು ನಿನಗಂತ ಕೊಟ್ಟಿದ್ದಲ್ಲವಾ?"

"ಮನಿ ಹೆಣ್ಣುಮಗಳು ಎಲ್ಲಾನೂ ಒಬ್ಬಾಕೀನ ತಿಂದ್ರ ಚಂದ ಕಾಣತೈತೇನ್ರಿ?"

ನಾನು ನಕ್ಕುಬಿಟ್ಟೆ. ಹೀಗೆ ಅರ್ಧಂಬರ್ಧ ತಿಂದರೆ ರೋಗಾಣು ಔಷಧಿಯನ್ನೇ ಅರಗಿಸಿಕೊಳ್ಳಲು ಕಲಿಯುತ್ತದೆ ಎಂದು ಅಲ್ಲೇ ಕೂತು ಹೇಳಬೇಕಿತ್ತು. ಹೇಳದೆ ಚಹಾ ಕುಡಿದು ಬಂದೆ.

ಜಗ್ಗದವರು

ಎರಡು ವರ್ಷ ಹೀಗೇ ನಡೆಯಿತು. ಉರಿ ಬಂದಾಗ ಎರಡು ಗುಳಿಗೆ, ಆರಿದ ಮೇಲೆ ಹಂಚಿಕೆ. ಕೊನೆಗೆ ರೋಗ ಮೂತ್ರಪಿಂಡಕ್ಕೇ ಏರಿ ಜ್ವರ ಬಂತು. ಹರಪನಹಳ್ಳಿಯ ಆಸ್ಪತ್ರೆಗೆ ಸೇರಿಸಿದರು. ನಾನೂ ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರು ಪರೀಕ್ಷೆಯ ವರದಿ ಹಿಡಿದು ಬಂದರು. ಹಾಳೆ ತುಂಬ ಔಷಧಿಗಳ ಹೆಸರು.

"ಇವರ ರೋಗಾಣು ಇದರಲ್ಲಿ ಯಾವುದಕ್ಕೂ ಜಗ್ಗುತ್ತಿಲ್ಲ. ನಮ್ಮ ಕೈಲಿ ಆಗೋದಿಲ್ಲ, ದಾವಣಗೆರೆಗೆ ಕರ್ಕೊಂಡು ಹೋಗಿ," ಎಂದರು.

ಕುರಿಗಾರ ಟವೆಲ್ಲು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದ. ಹಾಸಿಗೆಯಲ್ಲಿದ್ದ ಆಕೆ ಕಣ್ಣು ತೆರೆದು ಅವನನ್ನೊಮ್ಮೆ, ಡಾಕ್ಟರನ್ನೊಮ್ಮೆ ನೋಡಿದಳು.

"ಈ ಮನಷ್ಯಾ ನಲವತ್ತು ವರ್ಷಾತ್ರಿ, ನನ್ನ ಯಾವ ಮಾತಿಗೂ ಜಗ್ಗಿಲ್ಲ. ನಾನೇನು ದಾವಣಗೆರಿಗೆ ಕಳಿಸಿದ್ನೇನು?"