ವಿಡಿಯೊ ಇಲ್ಲದೆ ಬಿಟ್ಟ ಅರ್ಧ ಗಂಟೆ ನೀರು

ನೀರು ಸರಬರಾಜು ಕಚೇರಿಯ ಜಾಲತಾಣ ಪುಟವನ್ನು ನಡೆಸುತ್ತಿರುವ, ಹೆಸರು ಹಾಕಿಕೊಳ್ಳದಷ್ಟು ವಿನಯವಂತರಾದ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬೀದಿಯ ಮೂವತ್ತೆರಡು ಮನೆಗಳ ಪರವಾಗಿ, ನಲ್ಲಿಯ ಮುಂದೆ ಸಾಲಾಗಿ ಕೂತಿರುವ ಖಾಲಿ ಬಿಂದಿಗೆಗಳ ಪರವಾಗಿಯೂ, ತಮಗೆ ಅನಂತ ನಮಸ್ಕಾರಗಳು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಬೆರಳಚ್ಚು ಮಾಡಿ ನಿವೃತ್ತಳಾದವಳು. ಬೀದಿಯವರಿಗೆ ಈಗಲೂ ಟೈಪಿಸ್ಟಮ್ಮ. ಇಂಥ ಪತ್ರಗಳನ್ನು ಸಾವಿರಗಟ್ಟಲೆ ಬಡಿದಿದ್ದೇನೆ, ಆದರೆ ಬಡಿಯುವಾಗ ಇಷ್ಟು ಹೊಟ್ಟೆ ಉರಿದದ್ದು ಇದೇ ಮೊದಲು.

ನಮ್ಮ ಬೀದಿಯ ನಲ್ಲಿಯಿಂದ ತೋಳಿನ ಗಾತ್ರದ ಧಾರೆ ಬೀಳುವ ವಿಡಿಯೊವನ್ನು ತಮ್ಮ ಪುಟದಲ್ಲಿ ನೋಡಿ ಧನ್ಯಳಾದೆ. ಹಿನ್ನೆಲೆಯಲ್ಲಿ ಕೊಳಲು, ಮುಂದೆ ಬಿಂದಿಗೆ ಹಿಡಿದು ಹಲ್ಲು ಕಿರಿಯುತ್ತಿರುವವಳು ನಾನೇ. ಹನ್ನೊಂದು ಸಾವಿರ ಜನ ಮೆಚ್ಚಿದ್ದಾರಂತೆ. ನನ್ನ ಹಿಂದೆ ಸಾಲಿನಲ್ಲಿದ್ದ ಅರ್ಧದಷ್ಟು ಬಿಂದಿಗೆಗಳು ತುಂಬಲೇ ಇಲ್ಲ ಎಂಬುದು ಎಲ್ಲಿಯೂ ಕಾಣದ ಹಾಗೆ ತೆಗೆದಿದ್ದೀರಿ, ತಮ್ಮ ಕೈಚಳಕಕ್ಕೆ ಏನು ಹೇಳಲಿ!

ಮೊದಲು ಹೀಗಿರಲಿಲ್ಲ. ತಮ್ಮದೇ ಕಚೇರಿಯ ವಾಲ್ವ್ ತಿರುಗಿಸುವ ನೌಕರ, ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಹೊತ್ತು ಓಡಾಡುವುದರಿಂದ ನಾವು ಚಾವಿಯಣ್ಣ ಎಂದು ಕರೆಯುವವರು, ದಿನಾ ಬೆಳಿಗ್ಗೆ ಬಂದು ಮುಕ್ಕಾಲು ಗಂಟೆ ನೀರು ಬಿಟ್ಟು, ಯಾರಿಗೂ ಕಾಣಿಸದೆ ಹೋಗಿಬಿಡುತ್ತಿದ್ದರು. ಕಾಣಿಸದಿದ್ದದ್ದೇ ತಪ್ಪಾಯಿತೇನೋ. ನೀರು ಬಿಡುವ ಪ್ರತಿ ಸಲವೂ ವಿಡಿಯೊ ತೆಗೆಯಬೇಕು, ಬಿಸಿಲೇರುವ ಮೊದಲೇ ಹನ್ನೊಂದು ಬೀದಿಗಳನ್ನೂ ಮುಗಿಸಬೇಕು ಎಂದು ತಾವು ಆದೇಶಿಸಿದಿರಿ. ಎಲ್ಲ ಬೀದಿಗೂ ಒಂದೇ ಪೈಪು. ನಮ್ಮಲ್ಲಿ ತೆರೆದಿಟ್ಟರೆ ಮುಂದಿನ ಬೀದಿಯ ವಿಡಿಯೊದಲ್ಲಿ ಧಾರೆ ಸಣ್ಣಗೆ ಕಾಣುತ್ತದೆಂದು, ಚಿತ್ರ ಸಿಕ್ಕ ಕೂಡಲೇ ವಾಲ್ವ್ ಮುಚ್ಚಿಸುತ್ತೀರಿ. ಈಗ ನಮಗೆ ಬರುವುದು ನಾಲ್ಕು ನಿಮಿಷದ ನೀರು. 'ನಾಲ್ಕೇ ನಿಮಿಷ ಬಂತು ಸ್ವಾಮಿ' ಎಂದು ತಮ್ಮ ಪುಟದಲ್ಲಿ ಬರೆದರೆ, ಜೋಡಿಸಿದ ಕೈಗಳ ಜೊತೆ 'ತಮ್ಮ ಪ್ರೋತ್ಸಾಹಕ್ಕೆ ಧನ್ಯವಾದಗಳು' ಎಂಬ ಉತ್ತರ ಬಂತು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ನಮ್ಮ ಬೀದಿಯ ಮೇಲೆ ಮುಕ್ಕಾಲು ಗಂಟೆಯ ಚಲನಚಿತ್ರವೊಂದನ್ನು ದಿನಾ ತೆಗೆಯಬೇಕೆಂದು ಪ್ರಾರ್ಥನೆ. ಬೇಕಾದರೆ ಅಳುತ್ತೇವೆ, ಕುಣಿಯುತ್ತೇವೆ, ಎದುರುಮನೆಯ ಕ್ಷೌರಿಕರು ಖಳನಾಯಕನಾಗಲು ಒಪ್ಪಿದ್ದಾರೆ.

ತಮಾಷೆ ಸಾಕು. ಹೋದ ತಿಂಗಳು, ಹಾಸಿಗೆ ಹಿಡಿದಿರುವ ನಮ್ಮ ಅತ್ತೆಗೆ ಹೊಟ್ಟೆ ಕೆಟ್ಟು, ಬೆಳಗಿನಿಂದ ಐದು ಸಲ ಬಟ್ಟೆ ಬದಲಿಸಿದ ಮೇಲೆ, ಮನೆಯಲ್ಲಿ ಅವರ ಮೈ ಒರೆಸುವುದಕ್ಕೂ ನೀರಿರಲಿಲ್ಲ. ಎಂಬತ್ತು ದಾಟಿದ ಜೀವ ನಾಚಿಕೆಯಿಂದ ಗೋಡೆ ಕಡೆ ತಿರುಗಿ ಮಲಗಿತ್ತು. ಸುದ್ದಿ ತಿಳಿದ ಚಾವಿಯಣ್ಣ ಮಧ್ಯಾಹ್ನ ಊಟ ಬಿಟ್ಟು ಓಡಿ ಬಂದು, "ಟೈಪಿಸ್ಟಮ್ಮ, ಇರೋಬರೋ ಪಾತ್ರೆ ಎಲ್ಲಾ ಇಡಿ, ಅರ್ಧ ಗಂಟೆ ಬಿಡ್ತೀನಿ. ಆದ್ರೆ ಯಾರಿಗೂ ಹೇಳ್ಬೇಡಿ" ಎಂದರು.

ನಾನು ಹೇಳಿದೆ. ಮೂವತ್ತೊಂದು ವರ್ಷ ಬಂದ ಕಾಗದಕ್ಕೆಲ್ಲ ಸ್ವೀಕೃತಿ ಬಡಿದ ಕೈ ಸುಮ್ಮನಿರಲಿಲ್ಲ. ತಮ್ಮಿಂದ ಅವರಿಗೊಂದು ಶಹಭಾಸ್ ಆದರೂ ಸಿಗಲಿ ಎಂದು, ದಿನಾಂಕ, ಸಮಯ ಸಮೇತ ತಮ್ಮ ಪುಟದಲ್ಲಿ ಕೃತಜ್ಞತೆ ಬರೆದು ಹಾಕಿದೆ. ತಾವು ಅದರ ಕೆಳಗೆ ಕೆಂಪು ಹೃದಯವೊಂದನ್ನು ಒತ್ತಿದಿರಿ. ಮಾರನೆಯ ದಿನ, ವಿಡಿಯೊ ದಾಖಲೆಯಿಲ್ಲದೆ ನೀರು ಬಿಟ್ಟ ಆರೋಪದ ಮೇಲೆ ಚಾವಿಯಣ್ಣನನ್ನು ಅಮಾನತು ಮಾಡಿ, ಇಪ್ಪತ್ತಾರು ವರ್ಷ ಹೊತ್ತ ಚಾವಿಯನ್ನು ಕಿತ್ತುಕೊಂಡಿರಿ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅವರ ಹೆಂಡತಿ ಎದುರು ಸಿಕ್ಕರೆ ತಲೆ ತಗ್ಗಿಸುತ್ತೇನೆ, ಆಕೆ ಮಾತ್ರ "ಅತ್ತೆ ಹೇಗಿದಾರಮ್ಮ?" ಎಂದೇ ಕೇಳುತ್ತಾಳೆ.

ಅವರ ಜಾಗಕ್ಕೆ ತಾವು ಕಳಿಸಿರುವವರು ಫೋನು ಹಿಡಿಯುವುದರಲ್ಲಿ ಪಳಗಿದ ಕೈ. ವಾಲ್ವ್ ಎಲ್ಲಿದೆ ಎಂಬುದೊಂದನ್ನು ಮಾತ್ರ ದಿನಾ ನಮ್ಮನ್ನು ಕೇಳಿ ತಿಳಿದುಕೊಳ್ಳುತ್ತಾರೆ.

ಅಪರಾಧ ನನ್ನ ಬೆರಳಿನದು, ಅದನ್ನು ಅಮಾನತು ಮಾಡಿ. ಇಲ್ಲವೇ ಆ ಅರ್ಧ ಗಂಟೆಯ ನೀರನ್ನು ಮರಳಿ ವಸೂಲು ಮಾಡಿಕೊಳ್ಳಿ. ಅತ್ತೆಯ ಹಾಸಿಗೆಬಟ್ಟೆ ಹಿಂಡಿದ ನೀರು ಚರಂಡಿಯಲ್ಲಿದೆ, ಬಕೆಟ್ಟು ನಾನೇ ಕೊಡುತ್ತೇನೆ. ಚಾವಿಯಣ್ಣನಿಗೆ ಮಾತ್ರ ಅವರ ಚಾವಿಯನ್ನು ವಾಪಸು ಕೊಡಿ.

ಇನ್ನೂ ಮೆಚ್ಚುಗೆ ಒತ್ತುವ ಶಕ್ತಿ ಉಳಿದಿರುವ,
ತಮ್ಮ ವಿಶ್ವಾಸಿ,
ವಿಡಿಯೊದಲ್ಲಿ ಹಲ್ಲು ಕಿರಿದವಳು

ಮರೆತ ಮಾತು: ಈ ಪತ್ರದ ಪ್ರತಿಯನ್ನು ಖುದ್ದಾಗಿ ಕೊಡಲು ಇಂದು ತಮ್ಮ ಕಚೇರಿಗೆ ಬಂದಿದ್ದೆ. "ಹೋದ ತಿಂಗಳಿಂದ ಕೈ ತೊಳೆಯೋಕೂ ನೀರಿಲ್ಲಮ್ಮ, ಸಾಹೇಬರೂ ಮನೆಗೆ ಹೋಗಿಬರ್ತಿದಾರೆ" ಎಂದು ಜವಾನರು ಅಲವತ್ತುಕೊಂಡರು. ಚಾವಿಯಣ್ಣನನ್ನು ವಿಚಾರಿಸಿದೆ. ತಮ್ಮ ಕಟ್ಟಡಕ್ಕೂ ಚಾವಿ ಬೇಡದ, ಕೈಯಲ್ಲೇ ತಿರುಗಿಸುವ ಒಂದು ವಾಲ್ವ್ ಇದೆಯಂತೆ, ದಿನಾ ಬೆಳಿಗ್ಗೆ ಅವರೇ ತಿರುಗಿಸುತ್ತಿದ್ದರಂತೆ. ಅದರ ವಿಡಿಯೊವನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಅದು ಎಲ್ಲಿದೆ ಎಂದು ಅವರಿಗಲ್ಲದೆ ಇನ್ನೊಬ್ಬರಿಗೆ ಗೊತ್ತಿಲ್ಲ. "ಪಾಪ, ಅವರಿಗೂ ಬೇಕಲ್ವಾ, ಹೋಗಿ ಬಿಟ್ಟು ಬರ್ತೀನಿ" ಎಂದು ಆ ಪುಣ್ಯಾತ್ಮ ಚಪ್ಪಲಿ ಮೆಟ್ಟಿಯೇಬಿಟ್ಟಿದ್ದರು. ಅಮಾನತಾದವರು ನೀರು ಬಿಟ್ಟರೆ ಇನ್ನೊಂದು ನೋಟೀಸು ಬಂದೀತೆಂದು ನಾನೇ ಕೈ ಹಿಡಿದು ಕೂರಿಸಿದ್ದೇನೆ. ತಾವು ಲಿಖಿತ ಆದೇಶದೊಂದಿಗೆ ಬರುವವರೆಗೆ ಕೂತಿರುತ್ತಾರೆ. ಅಲ್ಲಿಯವರೆಗೆ ಬಾಯಾರಿದರೆ, ತಮ್ಮ ಪುಟದಲ್ಲಿ ನಮ್ಮ ಬೀದಿಯ ವಿಡಿಯೊ ಇದ್ದೇ ಇದೆ, ನೋಡಿಕೊಳ್ಳಿ.