ವಾರ್ಸಿತೊನ ಎಡತೋಳು

ಸಾಲತಿಗ ಊರಿನ ಒಂದು ಓಣಿಯವರಿಗೆಲ್ಲ ಶುಕ್ರವಾರ ಫ್ಲೂ ಲಸಿಕೆ ಹಾಕಿದರು. ಶನಿವಾರ ಬೆಳಿಗ್ಗೆ ವಾರ್ಸಿತೊ ಹೆಂಡತಿಯ ಶಾಲಿನಲ್ಲಿ ಎಡತೋಳನ್ನು ಕುತ್ತಿಗೆಗೆ ಜೋತುಹಾಕಿಕೊಂಡು, ಯುದ್ಧದಿಂದ ಮರಳಿದ ದಂಡನಾಯಕನಂತೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ವಿರಾಜಮಾನನಾದ.

ನೋವು ಸುಳ್ಳಲ್ಲ. ಮುಟ್ಟಿದರೆ ಪ್ರಾಣ ಹೋಗುವಂತಿತ್ತು. ಆದರೆ ಅಂದು ಸಂಜೆ ಪಕ್ಕದ ಮನೆಯ ಪ್ರಾರ್ಥನೆಯ ಊಟಕ್ಕೆ ಅರವತ್ತು ಜನರಿಗಾಗುವಷ್ಟು ಕಡಲೆಬೀಜದ ಗೊಜ್ಜು ಅರೆದುಕೊಡುತ್ತೇನೆಂದು ಅವನೇ ಮೀಸೆ ತಿರುವಿ ಮಾತು ಕೊಟ್ಟಿದ್ದ. (ಮಾತು ಕೊಡುವಾಗ ತೋಳು ಚೆನ್ನಾಗಿತ್ತು.) ಹಾಗಾಗಿ ನೋವಿಗೆ ಕೊಂಚ ಮೆರುಗು ಬಂದಿತ್ತು.

"ರೀ, ಬೀಜ ಹುರಿದು ಆರಿಸಿದೀನಿ, ಬನ್ನಿ," ಎಂದಳು ಹೆಂಡತಿ ತುಮಿನಿ.

"ಕೈ ಎತ್ತೋಕೇ ಆಗ್ತಿಲ್ಲ ಕಣೆ."

"ಚುಚ್ಚಿದ್ದು ಎಡಗೈಗೆ. ಅರೆಯೋದು ಬಲಗೈಲಿ."

"ಎರಡೂ ಒಂದೇ ಮೈಗೆ ಅಂಟಿಕೊಂಡಿವೆ ತಾನೆ? ಇದು ಅಲ್ಲಾಡಿದ್ರೆ ಅದಕ್ಕೆ ಗೊತ್ತಾಗಲ್ವಾ?"

ತುಮಿನಿ ತಾನೇ ಅರೆಯುವ ಕಲ್ಲಿನ ಮುಂದೆ ಕೂತಳು. ವಾರ್ಸಿತೊ ಒಂದು ಲೋಟ ಚಹಾ ಕೇಳಿದ, ಕರಿದ ಮರಗೆಣಸು ಕೇಳಿದ, ಬೆನ್ನಿಗೊಂದು ದಿಂಬು ಕೇಳಿದ. ಪ್ರತಿ ಸಲವೂ ಒಳಗೆ ಕಲ್ಲಿನ ಸದ್ದು ಜೋರಾಯಿತು. ಮಧ್ಯಾಹ್ನದ ಹೊತ್ತಿಗೆ ಅದು ಪೂರ್ತಿ ನಿಂತಿತು. ಅವನಿಗೆ ಭಯವಾದದ್ದು ಆಗಲೇ.

ತುಮಿನಿ ಹೋಗಿ ಲಸಿಕೆ ಹಾಕಿದ ದಾದಿ ರೆತ್ನೊಳನ್ನೇ ಕರೆತಂದಿದ್ದಳು.

ದಾದಿ ತೋಳು ಒತ್ತಿ ನೋಡಿದಳು. "ಕೆಂಪು ಹರಡಿಲ್ಲ, ಜ್ವರ ಇಲ್ಲ. ರೋಗ ಬಂದ್ರೆ ಹೇಗೆ ಹೊಡೀಬೇಕು ಅಂತ ಮೈ ಒಳಗೇ ತಾಲೀಮು ಮಾಡ್ತಿದೆ, ಅದಕ್ಕೇ ನೋವು. ತಣ್ಣೀರಿನ ಬಟ್ಟೆ ಇಡಿ. ಒಂದೆರಡು ದಿನದಲ್ಲಿ ಹೋಗುತ್ತೆ."

"ಅಲ್ಲಿವರೆಗೆ ವಿಶ್ರಾಂತಿ?" ವಾರ್ಸಿತೊ ಆಸೆಯಿಂದ ಕೇಳಿದ.

"ಸುಮ್ನೆ ಇಟ್ಟರೆ ಇನ್ನೂ ಬಿಗಿಯುತ್ತೆ. ಶಾಲು ತೆಗೀರಿ. ಎಡಗೈನ ಮೆಲ್ಲಗೆ ಆಡಿಸ್ತಾ ಇರಬೇಕು."

ತುಮಿನಿಯ ಕಣ್ಣು ಅರೆಯುವ ಕಲ್ಲಿನತ್ತ ಹೊರಳಿತು. ವಾರ್ಸಿತೊ ಥಟ್ಟನೆ ಬ್ರಹ್ಮಾಸ್ತ್ರ ತೆಗೆದ. "ಎಡಗೈಲಿ ಅರೆದದ್ದನ್ನ ನಾಲ್ಕು ಜನಕ್ಕೆ ಬಡಿಸೋದಾ? ಮಾನ ಉಳಿಯುತ್ತಾ?"

"ಅದೂ ಸರಿಯೇ," ಎಂದಳು ದಾದಿ. "ಹಾಗಾದ್ರೆ ಗೊಜ್ಜು ಬಲಗೈಲೇ ಅರೆಯಿರಿ. ಎಡಗೈಲಿ ನೆಲ ಒರೆಸಿ." ಆಮೇಲೆ ತುಮಿನಿಯತ್ತ ತಿರುಗಿದಳು. "ನಿಮ್ಮ ತೋಳು ಹೇಗಿದೆ? ನಿನ್ನೆ ನಿಮಗೂ ಹಾಕಿದ್ನಲ್ಲ."

"ಬೆಳಿಗ್ಗೆ ನೋವಿತ್ತು. ಬಾವಿಯಿಂದ ನೀರು ಸೇದೋ ಹೊತ್ತಿಗೆ ಸಡಿಲ ಆಯ್ತು."

ಹೆಂಡತಿಗೂ ಲಸಿಕೆ ಹಾಕಿದ್ದು ವಾರ್ಸಿತೊನ ನೆನಪಿನಲ್ಲೇ ಇರಲಿಲ್ಲ. ಚಹಾದ ಲೋಟ ಕೆಳಗಿಟ್ಟ. ಶಾಲು ಬಿಚ್ಚಿದ. ಕಲ್ಲಿನ ಮುಂದೆ ಹೋಗಿ ಕೂತ.

ಸಂಜೆಯೊಳಗೆ ಗೊಜ್ಜು ನುಣ್ಣಗಾಯಿತು, ನೆಲ ಹೊಳೆಯಿತು. ವಿಚಿತ್ರವೆಂದರೆ ನೋವೂ ಅರ್ಧಕ್ಕರ್ಧ ಇಳಿದಿತ್ತು.

ಊಟದ ಮನೆಯಲ್ಲಿ ಓಣಿಯ ಗಂಡಸರು ಏಳೆಂಟು ಮಂದಿ ತೋಳನ್ನು ಬಟ್ಟೆಯಲ್ಲಿ ತೂಗುಹಾಕಿಕೊಂಡು, ಹೆಂಡಂದಿರಿಂದ ಬಡಿಸಿಕೊಳ್ಳುತ್ತ ಕೂತಿದ್ದರು. ಮನೆಯ ಹಿರಿಯ ಗೊಜ್ಜು ನೆಕ್ಕಿ ತಲೆದೂಗಿದ. "ಇಷ್ಟು ಹದವಾಗಿ ಅರೆದ ಪುಣ್ಯಾತ್ಮ ಯಾರಪ್ಪ?"

ಹೊಗಳಿಕೆಗೆ ಮೈಮರೆತ ವಾರ್ಸಿತೊ ಎಡಗೈಯನ್ನು ಸೂರಿನೆತ್ತರಕ್ಕೆ ಎತ್ತಿದ. "ನಾನೇ. ಅರೆದು, ಮನೆ ಒರೆಸಿ, ನೋವೂ ಹೋಯ್ತು."

ಬಡಿಸುತ್ತಿದ್ದ ಸೌಟುಗಳೆಲ್ಲ ಒಟ್ಟಿಗೆ ನಿಂತವು.

ಭಾನುವಾರ ಅವನು ಓಣಿಗಿಳಿದಾಗ ಒಬ್ಬ ಗಂಡಸೂ ಅವನನ್ನು ಮಾತಾಡಿಸಲಿಲ್ಲ. ಎಲ್ಲರೂ ಅವರವರ ಜಗಲಿಯಲ್ಲಿ ಮಂಡಿಯೂರಿ, ಎಡಗೈಯಲ್ಲಿ ನೆಲ ಒರೆಸುತ್ತಿದ್ದರು.