ಹ್ಯಾಂಡಲ್ ಒದ್ದ ಭುಜ

ಬೇರೆಯವರಿಗೆ ಪೆಟ್ಟಾದರೆ ಊರು ಮರುಗುತ್ತೆ, ನನಗಾದರೆ ನಗುತ್ತೆ. ಆ ಭುಜದ ವಿಚಾರದಲ್ಲಂತೂ ಎಷ್ಟೋ ದಿನ ತಲೆ ಎತ್ತಿಕೊಂಡು ಓಡಾಡಲಿಲ್ಲ.

ಸಾಕ್ಷಿ

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಕೋಲಾರ–ಮುಳಬಾಗಿಲು ಬಸ್ಸು ಇದ್ದಿಲು ಗ್ಯಾಸಿನಲ್ಲಿ ಓಡುತ್ತಿತ್ತು. ನಾನು ಅದರ ಕ್ಲೀನರ್. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸೋದು ನನ್ನ ಪಾಲು. ಒಂದು ಬೆಳಗ್ಗೆ ಮುಳಬಾಗಿಲಲ್ಲಿ ಹ್ಯಾಂಡಲ್ ಹಿಂದಕ್ಕೆ ಒದ್ದು ಬಲಭುಜ ಉಳುಕಿತು. ಬೋರಲು ಬಿದ್ದೆ.

ಬಸ್ಸಿನ ಸಾಹುಕಾರರು ನಂಬಲಿಲ್ಲ. "ಎಲ್ಲೋ ಬಿದ್ದು ಬಂದು ನನ್ನ ಬಸ್ಸಿನ ಮೇಲೆ ಹಾಕ್ತೀಯೇನ್ಲಾ? ಕೆಲಸದಲ್ಲೇ ಆಯ್ತು ಅಂತ ತೋರಿಸು. ಇಲ್ಲಾಂದ್ರೆ ಬೇರೆಯವನನ್ನ ಇಟ್ಕೋತೀನಿ."

ಅವತ್ತು ಮುಂದಿನ ಸೀಟಿನಲ್ಲಿ ಕೂತಿದ್ದ ಬೈರಕೂರಿನ ತರಕಾರಿ ಅಜ್ಜಿಯನ್ನು ಕರೆತಂದೆ.

"ನೋಡ್ದೆ ಸಾಮಿ," ಅಂದಳು ಅಜ್ಜಿ. "ಈ ಅಪ್ಪ ಬಸ್ಸಿನ ಮುಂದೆ ಉದ್ದಕ್ಕೆ ಅಡ್ಡಬಿದ್ದ. ಭಕ್ತಿ ಅಂದ್ರೆ ಅದು! ನಾನೂ ಕೂತಲ್ಲೇ ಕೈ ಮುಗಿದೆ."

ಮನೆಯವಳು

"ಮನೆ ಬಿಟ್ಟಾಗ ಭುಜ ಸರಿಯಾಗಿತ್ತಾ? ಮನೆಯವರು ಬಂದು ಹೇಳ್ಲಿ" ಅಂದರು ಸಾಹುಕಾರರು. ಹೆಂಡತಿಯನ್ನು ಅವರ ಜಗಲಿಗೆ ಕರೆದುಕೊಂಡು ಹೋದೆ.

"ಸರಿಯಾಗಿಲ್ದೆ ಏನು ಸಾಮಿ?" ಅಂದಳು ಹೆಮ್ಮೆಯಿಂದ. "ಅವತ್ತೂ ರಾಗಿ ಬೀಸಿಕೊಟ್ಟೇ ಹೋದ್ರು. ದಿನಾ ಅವರೇ ಬೀಸೋದು. ನನ್ನ ಕೈಲಿ ಕಲ್ಲು ಮುಟ್ಟಿಸಲ್ಲ."

ಜಗಲಿಯ ಮೇಲಿದ್ದ ಗಂಡಸರೆಲ್ಲ ನನ್ನ ಕಡೆ ತಿರುಗಿದರು. ನಾನು ಕಂಬ ನೋಡುತ್ತಾ ನಿಂತೆ.

"ಹಾಗಾದ್ರೆ ಬೀಸೋ ಕಲ್ಲಲ್ಲೇ ಉಳುಕಿರಬೇಕು!" ಸಾಹುಕಾರರು ಜೋರಾಗಿ ನಕ್ಕರು.

ಒಳಗಿಂದ ಅವರ ಹೆಂಡತಿಯ ದನಿ ಬಂತು: "ಏನಂದ್ರೀ? ಗಂಡಸರೂ ಬೀಸ್ತಾರಾ?"

ಸಾಹುಕಾರರ ನಗು ನಿಂತಿತು. "ಈ ವಿಚಾರಣೆ ಇಲ್ಲಿ ಬೇಡ. ನಾಳೆ ಕೋಲಾರದ ಡಾಕ್ಟ್ರ ಹತ್ರ ನಡಿ."

ಡಾಕ್ಟರು

ಅಷ್ಟರಲ್ಲಿ ಕುರುಡುಮಲೆಯ ನಾಟಿ ವೈದ್ಯರೊಬ್ಬರು ಭುಜಕ್ಕೆ ಸೊಪ್ಪರೆದು ಪಟ್ಟು ಹಾಕಿ, "ಮೇಲೆ ಬಟ್ಟೆ ಬಿಗಿಯಾಗಿರಲಿ, ಪಟ್ಟು ಜಾರಬಾರದು" ಅಂದಿದ್ದರು. ಬಟ್ಟೆಗೂ ಬರ ಇದ್ದ ಕಾಲ. ನಮ್ಮನೆಯಲ್ಲಿ ಬಿಗಿಯಾಗಿ ಕೂರುವಂಥದ್ದು ಒಂದೇ ಇತ್ತು. ಹೆಂಡತಿ ಅದನ್ನೇ ತೊಡಿಸಿ ಮೇಲೆ ಅಂಗಿ ಹಾಕಿ ಕಳಿಸಿದ್ದಳು.

"ಅಂಗಿ ತೆಗಿ" ಅಂದರು ಡಾಕ್ಟರು.

"ಹಾಗೇ ನೋಡಿಬಿಡಿ ಸಾಮಿ."

"ಅಂಗಿ ಮೇಲೆ ಹೇಗಯ್ಯಾ ನೋಡಲಿ? ತೆಗಿ."

ಬಾಗಿಲ ತುಂಬ ಜನ, ಪಕ್ಕದಲ್ಲಿ ಸಾಹುಕಾರರು. ಕಣ್ಣು ಮುಚ್ಚಿಕೊಂಡು ತೆಗೆದೆ. ಒಳಗೆ ನನ್ನ ಹೆಂಡತಿಯ ಕೆಂಪು ರವಿಕೆ!

ಬಾಗಿಲಲ್ಲಿ ಯಾರೋ ಹೆಂಗಸು ಕಿಸಕ್ಕಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಡಾಕ್ಟರು ಮಾತ್ರ ನಗಲಿಲ್ಲ. ರವಿಕೆ ಬಿಚ್ಚಿಸಿ, ಪಟ್ಟು ಒರೆಸಿ, ಭುಜ ಒತ್ತಿ ನೋಡಿದರು. ಕಪ್ಪಗೆ ಬಾತಿದ್ದ ತೋಳು ತೋರಿಸಿ, "ಸಾಹುಕಾರ್ರೇ, ಇದು ಹ್ಯಾಂಡಲ್ ಒದೆತವೇ. ನನ್ನ ಕಾರಿನ ಡ್ರೈವರಿಗೂ ಹೀಗೇ ಆಗಿತ್ತು. ಕೆಲಸದಲ್ಲೇ ಆದದ್ದು" ಅಂದರು.

ಸಾಹುಕಾರರು ತಲೆ ಕೆರೆದುಕೊಂಡರು. "ಆಯ್ತು, ವಾಸಿ ಆಗೋವರೆಗೂ ಸಂಬಳ ಕೊಡ್ತೀನಿ. ಆಮೇಲೆ ಹ್ಯಾಂಡಲ್ ಬೇಡ, ಟಿಕೆಟ್ ಹರೀಲಿ."

ನನಗೆ ಅಳುವೇ ಬಂತು. ಡಾಕ್ಟರು ಆ ರವಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮತ್ತೆ ಇದು? ಇದೂ ಕೆಲಸದಲ್ಲೇ ಆದದ್ದೇನಯ್ಯಾ?" ಅಂದರು.

ನಾನು ಬಾಯಿ ತೆರೆಯೋ ಮೊದಲೇ ಸಾಹುಕಾರರು ಎದ್ದು ನಿಂತರು. "ಇಲ್ಲ ಡಾಕ್ಟ್ರೇ, ಅದು ಮನೇಲೇ ಆದದ್ದು! ಅದಕ್ಕೂ ನನ್ನ ಬಸ್ಸಿಗೂ ಏನೂ ಸಂಬಂಧ ಇಲ್ಲ!"